ಬೆರಳು ಎಳೆದಷ್ಟೇ ಹಸಿರು

ಇವತ್ತು ಬೆಳಿಗ್ಗೆ ಸಿಮೆಂಟ್ ಕಾರ್ಖಾನೆ ಪಕ್ಕದ ರಸ್ತೆಯಲ್ಲಿ ನಡೆಯುವಾಗ ಸುಮ್ನೆ ಒಂದು ಎಲೆ ಮೇಲೆ ಬೆರಳು ಎಳೆದೆ. ಬೆರಳು ಹೋದ ಕಡೆ ಹಸಿರು ಗೆರೆ, ಉಳಿದದ್ದೆಲ್ಲ ಬೂದಿ ಬಣ್ಣ.

ಧೂಳು ತಾನೇ, ಮಳೆ ಬಂದರೆ ತೊಳೆದುಹೋಗುತ್ತದೆ ಅಂದುಕೊಂಡಿದ್ದೆ. ಸಿಮೆಂಟ್ ಧೂಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇಬ್ಬನಿ ತಾಗಿದರೂ ಸಾಕು, ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎಲೆಗೇ ಗಾರೆ ಮಾಡಿದ ಹಾಗೆ! ಜೊತೆಗೆ ಅದರ ಸುಣ್ಣದ ಗುಣ ಎಲೆಯ ಮೇಣದಂಥ ಪದರವನ್ನೂ ಹಾಳು ಮಾಡುತ್ತದೆ.

ಬೆಳಕು ಕಡಿಮೆ ತಲುಪಿದರೆ ಎಲೆ ಆಹಾರ ತಯಾರಿಸುವುದೂ ಕಡಿಮೆ. ಉಸಿರಾಡುವ ಪತ್ರರಂಧ್ರಗಳು ಹೆಚ್ಚಿನ ಮರಗಳಲ್ಲಿ ಎಲೆಯ ಅಡಿಭಾಗದಲ್ಲೇ ಜಾಸ್ತಿ, ಹಾಗಾಗಿ ಸ್ವಲ್ಪ ಬಚಾವ್. ಆದರೆ ಗಾಳಿಯಲ್ಲಿ ಸುತ್ತುವ ನುಣ್ಣನೆ ಧೂಳು ಅಲ್ಲಿಗೂ ತಲುಪುತ್ತದೆ. ಕೆಲವು ರಂಧ್ರ ಮುಚ್ಚಿಹೋಗುತ್ತವೆ. ಇನ್ನು ಕೆಲವು, ಸಂದಿಯಲ್ಲಿ ಕಲ್ಲು ಸಿಕ್ಕಿದ ಬಾಗಿಲಿನಂತೆ, ಪೂರ್ತಿ ಮುಚ್ಚಲಾಗದೆ ನೀರು ಕಳೆದುಕೊಳ್ಳುತ್ತವೆ.

ನುಣುಪು ಎಲೆಯಿಂದ ಧೂಳು ಬೇಗ ಜಾರುತ್ತದೆ. ಒರಟು ಎಲೆ, ಸಣ್ಣ ರೋಮ ಇರುವ ಎಲೆ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಖಾನೆ ಸುತ್ತ ಹಸಿರು ಪಟ್ಟಿ ಬೆಳೆಸುವಾಗ ಇದನ್ನೂ ನೋಡಿ ಮರ ಆರಿಸುತ್ತಾರೆ. ನಮ್ಮ ಶ್ವಾಸಕೋಶಕ್ಕೆ ಹೋಗಬೇಕಿದ್ದದ್ದನ್ನು ಅವು ಹೊತ್ತುಕೊಳ್ಳಲಿ ಅಂತ. ಯೋಚಿಸಿದರೆ ಮುಜುಗರ ಆಗುತ್ತದೆ, ಅಲ್ವಾ?

ಕರವಸ್ತ್ರ ಒದ್ದೆ ಮಾಡಿ ಒಂದು ಎಲೆ ಪೂರ್ತಿ ಒರೆಸಿದೆ. ದಾರಿಹೋಕರೊಬ್ಬರು ವಿಚಿತ್ರವಾಗಿ ನೋಡಿದರು. ಸಂಜೆ ವಾಪಸ್ ಬರುವಾಗ ಹುಡುಕಿದೆ, ಯಾವ ಎಲೆ ಅಂತ ಗುರುತೇ ಸಿಗಲಿಲ್ಲ.