ಮೂರನೇ ಚಿತ್ರ ಜಿಪ್ ಹತ್ತಿರ ನಿಂತಿದೆ

ದರೋಡೆ ಗ್ಯಾಂಗ್ ಒಂದರ ಕಥೆ ಹೇಳುವ ಸ್ಪ್ಯಾನಿಷ್ ಸರಣಿ ‘ಮನಿ ಹೈಸ್ಟ್’ನ ಕೊನೆಯ ಭಾಗದ ಮೇಲೆ ಮೂರು ಪೆನ್ಸಿಲ್ ಚಿತ್ರ ಬರೆಯಲು ಹೊರಟಿದ್ದೆ. ತ್ಯಾಗಕ್ಕೊಂದು, ಪ್ರೀತಿಗೊಂದು, ಬಿಡುಗಡೆಗೊಂದು. ಎರಡು ಮುಗಿದಿವೆ.

ತ್ಯಾಗ ಅಂದರೆ ಗ್ಯಾಂಗ್‌ನ ಹುಡುಗಿ ಟೋಕಿಯೋ, ಅದರಲ್ಲಿ ಯೋಚನೆಯೇ ಇರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಐದು ಎಪಿಸೋಡ್‌ಗಳ ಕೊನೆಗೆ ಅವಳು ಸಾಯುತ್ತಾಳೆ. ಮೈತುಂಬ ಗುಂಡೇಟು. ಆದರೂ ಬ್ಯಾಂಕಿನ ಭದ್ರತಾ ಮುಖ್ಯಸ್ಥ ಗಾಂಡಿಯಾ ಹತ್ತಿರ ಬರುವವರೆಗೆ ಕಾದು ಗ್ರೆನೇಡ್ ಸಿಡಿಸುತ್ತಾಳೆ. ನಾನು ಸ್ಫೋಟ ಬರೆಯಲಿಲ್ಲ. ಪಿನ್ ಹಿಡಿದ ಬೆರಳುಗಳು ಮಾತ್ರ.

ಪ್ರೀತಿಗೆ ಅವಳ ಮತ್ತು ಅವಳ ಪ್ರಿಯಕರ ರಿಯೋನ ಮುಖ ಶುರು ಮಾಡಿ ಬಿಟ್ಟೆ. ಬದಲಿಗೆ ಒಂದು ಚೀಟಿಯ ಚಿತ್ರ ಬರೆದೆ. ಬ್ಯಾಂಕ್ ಆಫ್ ಸ್ಪೇನ್‌ನಿಂದ ಅಷ್ಟು ಕಷ್ಟಪಟ್ಟು ಸಾಗಿಸಿದ 90 ಟನ್ ಚಿನ್ನವನ್ನು ಗ್ಯಾಂಗ್‌ನ ಬರ್ಲಿನ್ ಎಂಬವನ ಮಗ ರಫಾಯೆಲ್ ಹೊಡೆದುಕೊಂಡು ಹೋಗುತ್ತಾನಲ್ಲ, ಅದು ವಾಪಸ್ ಬರೋದು ಅವನ ಚಿಕ್ಕಪ್ಪ, ಗ್ಯಾಂಗ್‌ನ ನಾಯಕ ಪ್ರೊಫೆಸರ್ ಬರೆದ ಚೀಟಿಯಿಂದ. ಇಡೀ ಸರಣಿಯಲ್ಲಿ ನನಗೆ ತುಂಬಾ ಹಿಡಿಸಿದ ಪ್ರೀತಿ ಅದು.

ಕಷ್ಟವಾದದ್ದು ಬಿಡುಗಡೆ. ಎಲ್ಲರೂ ಹೆಲಿಕಾಪ್ಟರ್ ಹತ್ತಿ ಹೋಗುವ ದೃಶ್ಯ ಎರಡು ಸಲ ಬರೆದು ಅಳಿಸಿದೆ. ಕಾಗದ ಸವೆದು ನೂಲು ಎದ್ದಿತು. ಚೆನ್ನಾಗಿಯೇ ಬಂದಿತ್ತು, ಆದರೆ ಸುಮ್ನೆ ಒಂದು ಹೆಲಿಕಾಪ್ಟರ್ ಅಷ್ಟೇ.

ಮೊನ್ನೆ ರಾತ್ರಿ ಕೊನೆಯ ಎಪಿಸೋಡ್ ಮತ್ತೆ ಹಾಕಿದೆ. ಗ್ಯಾಂಗ್‌ನವರು ಸತ್ತರೆಂದು ಪೊಲೀಸ್ ಅಧಿಕಾರಿ ತಮಾಯೊ ಲೋಕಕ್ಕೆ ಸಾರಬೇಕು, ಆಗಲೇ ಅವರಿಗೆ ಬಿಡುಗಡೆ. ಹೆಣದ ಚೀಲದೊಳಗೆ ಜೀವಂತ ಮಲಗಿ ಹೊರಬರುತ್ತಾರೆ. ನಿಜವಾಗಿ ಸತ್ತ ಟೋಕಿಯೋ ಮಾತ್ರ ಕೊನೆಯವರೆಗೂ ನಮಗೆ ಕಥೆ ಹೇಳುತ್ತಾಳೆ! ಬದುಕಿರೋರು ಉಸಿರು ಬಿಗಿಹಿಡಿದಿರಬೇಕು, ಸತ್ತವಳಿಗೆ ಆ ಹಂಗಿಲ್ಲ. ಇದು ಹೊಳೆದ ಕೂಡಲೇ ಹೊಸ ಹಾಳೆ ತೆಗೆದೆ.

ಈಗ ಬರೆಯುತ್ತಿರೋದು ಚೀಲ. ಮೆತ್ತನೆಯ 6ಬಿ ಪೆನ್ಸಿಲ್‌ನಿಂದ ಪೂರ್ತಿ ಕಪ್ಪು ತುಂಬಿಸಿ, ಮಡಿಕೆಗಳ ಮೇಲಿನ ಹೊಳಪನ್ನು ರಬ್ಬರಿನ ಚೂಪು ತುದಿಯಿಂದ ಎತ್ತಿದೆ. ಜಿಪ್‌ನ ಹಲ್ಲು ಒಂದೊಂದೇ ಬರೆಯಬೇಕು, ಗಟ್ಟಿಯಾದ 2ಎಚ್ ಪೆನ್ಸಿಲ್ ಬೇಕು, ಕೈ ನಡುಗಬಾರದು. ನಿನ್ನೆ ನಲವತ್ತು ಹಲ್ಲು ಮುಗಿಸಿದೆ. ಮೇಲಿನ ತುದಿಯಲ್ಲಿ ಒಂದು ಬೆರಳಗಲ ಜಿಪ್ ತೆರೆದಿಡುತ್ತೇನೆ. ಒಳಗಿನಿಂದ ಕಣ್ಣು ಕಾಣಿಸೋದಾ, ಬರೀ ಕತ್ತಲೆಯಾ? ಕಣ್ಣು ಜಾಸ್ತಿಯಾಗುತ್ತೆ ಅನ್ನಿಸ್ತಿದೆ. ಆ ಜಾಗವನ್ನು ಸದ್ಯಕ್ಕೆ ಬಿಳಿಯಾಗಿಯೇ ಬಿಟ್ಟಿದ್ದೇನೆ.