ಬೆಟ್ಟ ಹತ್ತೋಕೆ ಎಷ್ಟು ಹೊತ್ತು ಬೇಕು?

ನಾನು ಮೈಸೂರಿನವನು ಅಂತ ಗೊತ್ತಾದರೆ ಸಾಕು, ಅರಮನೆ, ಮೈಸೂರು ಪಾಕ್ ಆದಮೇಲೆ ಬರುವ ಮೂರನೇ ಪ್ರಶ್ನೆ ಇದು. ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತೋಕೆ ಎಷ್ಟು ಹೊತ್ತು ಬೇಕು? ಆಫೀಸಿನವರು ಕೇಳುತ್ತಾರೆ, ದಸರಾಕ್ಕೆ ಬಂದ ನೆಂಟರು ಕೇಳುತ್ತಾರೆ. ಮೊದಲೆಲ್ಲ "ಮುಕ್ಕಾಲು ಗಂಟೆ" ಅಂದು ಸುಮ್ಮನಾಗುತ್ತಿದ್ದೆ. ಈಗ "ಯಾರ ಜೊತೆ ಹೋಗ್ತೀರಿ?" ಅಂತ ತಿರುಗಿ ಕೇಳುತ್ತೇನೆ.

ಲೆಕ್ಕ ಬೇಕು ಅನ್ನುವವರಿಗೆ ಲೆಕ್ಕ ಕೊಡುತ್ತೇನೆ. ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,489 ಅಡಿ. ಊರೇ ಎರಡೂವರೆ ಸಾವಿರ ಅಡಿ ಎತ್ತರದಲ್ಲಿದೆ. ಹಾಗಾಗಿ ನಾವು ನಿಜಕ್ಕೂ ಹತ್ತುವುದು ಸಾವಿರ ಅಡಿಯಷ್ಟೇ. ಮೆಟ್ಟಿಲು 1008 ಅಂತ ಎಲ್ಲರೂ ಹೇಳುತ್ತಾರೆ. ನಾನು ಎರಡು ಸಲ ಎಣಿಸಿದ್ದೇನೆ, ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು. ನಂದಿಯ ಹತ್ತಿರ ರಸ್ತೆ ಸಿಗುತ್ತದಲ್ಲ, ಅಲ್ಲಿ ಎಳನೀರು ಕುಡಿಯುವಾಗ ನನ್ನ ಲೆಕ್ಕ ತಪ್ಪುತ್ತದೆ.

ಬುಡದಲ್ಲೇ ಏರು ಜಾಸ್ತಿ. ಹೊಸಬರು ಮೊದಲ ನೂರು ಮೆಟ್ಟಿಲನ್ನು ಓಡಿ ಹತ್ತಿ, ಆಮೇಲೆ ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ದಿನಾ ಬರುವ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡನೇ ಸುತ್ತು ಹತ್ತುತ್ತಿರುತ್ತಾರೆ. ಅವರನ್ನು ನೋಡಬೇಡಿ. ನಂದಿ ದಾಟಿದ ಮೇಲೆ ಏರು ಹಗುರಾಗುತ್ತದೆ. ಈ ಮೆಟ್ಟಿಲನ್ನೂ ನಂದಿಯನ್ನೂ ಮಾಡಿಸಿದವರು ದೊಡ್ಡ ದೇವರಾಜ ಒಡೆಯರು. ಅವರು ಆಳಿದ್ದು 1659ರಿಂದ 1673ರವರೆಗೆ. ಸುಮಾರು 16 ಅಡಿ ಎತ್ತರದ ನಂದಿ, ಒಂದೇ ಕಲ್ಲು. ಎಲ್ಲರೂ ಮುಖದ ಮುಂದೆ ನಿಂತು ಫೋಟೋ ತೆಗೆದು ಹೊರಟುಬಿಡುತ್ತಾರೆ. ಸ್ವಲ್ಪ ಪಕ್ಕಕ್ಕೆ ಬಂದು ಕೊರಳಿನ ಗಂಟೆಸರ ನೋಡಿ.

ಇನ್ನು ನಾನು ಉತ್ತರ ಬದಲಾಯಿಸಿದ್ದಕ್ಕೆ ಕಾರಣ ನಮ್ಮಮ್ಮ.

ಸ್ಕೂಟರಿನಿಂದ ಬಿದ್ದು ನನ್ನ ಕಾಲು ಮುರಿದಾಗ ಅಮ್ಮ ಹರಕೆ ಹೊತ್ತಿದ್ದಳು. ಕಾಲು ಸರಿಯಾದರೆ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬೆಟ್ಟ ಹತ್ತುತ್ತೇನೆ ಅಂತ. ಕಾಲು ಸರಿಯಾಯಿತು, ಹರಕೆ ಮರೆತುಹೋಯಿತು. ಆರು ವರ್ಷದ ಮೇಲೆ ಒಂದು ರಾತ್ರಿ ಅನ್ನ ಬಡಿಸುತ್ತಾ ಇದ್ದಕ್ಕಿದ್ದಂತೆ ಸೌಟು ಕೆಳಗಿಟ್ಟು "ಅಯ್ಯೋ, ತಾಯಿಗೆ ಬಾಕಿ ಉಳಿಸ್ಕೊಂಡಿದೀನಲ್ಲೋ" ಅಂದಳು. ಆಷಾಢದ ಶುಕ್ರವಾರ ಬೇಡ, ಕಾಲಿಡೋಕೂ ಜಾಗ ಇರಲ್ಲ ಅಂತ ನಾನೇ ಹೇಳಿದೆ. ಬೇರೆ ಒಂದು ಶುಕ್ರವಾರ, ಬೆಳಿಗ್ಗೆ ಆರಕ್ಕೆ ಬುಡದಲ್ಲಿದ್ದೆವು. ಅಮ್ಮ ಬರಿಗಾಲಲ್ಲಿ. ನನ್ನ ಕೈಲಿ ಎರಡು ಸ್ಟೀಲ್ ಡಬ್ಬಿ.

ಬಗ್ಗಬೇಕು, ಅರಿಶಿನದ ಎರಡು ಬೊಟ್ಟು ಇಡಬೇಕು, ನಡುವೆ ಕುಂಕುಮ ಇಡಬೇಕು, ಏಳಬೇಕು. ಮುಂದಿನ ಮೆಟ್ಟಿಲಿಗೆ ಮತ್ತೆ ಅದೇ. ನಮಗಿಂತ ಮುಂಚೆ ಬಂದವರ ಬೊಟ್ಟುಗಳು ಆಗಲೇ ಕಲ್ಲಿನ ಅಂಚಿನುದ್ದಕ್ಕೂ ಇದ್ದವು. ಒಬ್ಬರ ಕುಂಕುಮದ ಮೇಲೆ ಇನ್ನೊಬ್ಬರು ಹಚ್ಚಬಾರದಂತೆ. ಹಾಗಂತ ಅಮ್ಮ ಒಂದೊಂದು ಮೆಟ್ಟಿಲಲ್ಲೂ ಖಾಲಿ ಜಾಗ ಹುಡುಕುತ್ತಿದ್ದಳು. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ನಾನೇ "ಎಡಗಡೆ ಮೂಲೆ ನೋಡು" ಅನ್ನತೊಡಗಿದೆ. ಅಷ್ಟು ವರ್ಷ ಹತ್ತಿದ ಮೆಟ್ಟಿಲು, ಒಂದೊಂದರ ಮೂಲೆಯನ್ನೂ ನೋಡಿದ್ದು ಆವತ್ತೇ. ಕೆಲವು ಕಲ್ಲು ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿವೆ.

ನಂದಿ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ಕುಂಕುಮ ಮುಗಿಯಿತು. ಅಮ್ಮ ಡಬ್ಬಿಯ ತಳ ಕೆರೆಯುತ್ತಿದ್ದಳು. "ಸಾಕು ಬಿಡು, ದೇವರಿಗೆ ಗೊತ್ತಾಗುತ್ತೆ" ಅಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಷ್ಟರಲ್ಲಿ ಹಿಂದಿನಿಂದ ಹಚ್ಚಿಕೊಂಡು ಬರುತ್ತಿದ್ದ ಹೆಂಗಸೊಬ್ಬರು ಏನೂ ಕೇಳದೆ ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದು ನಮ್ಮ ಡಬ್ಬಿಗೆ ಸುರಿದರು. "ನಾನು ಜಾಸ್ತಿ ತಂದಿದೀನಿ ಕಣಮ್ಮ" ಅಂದರು. ಇಬ್ಬರೂ ಸ್ವಲ್ಪ ದೂರ ಜೊತೆಯಲ್ಲೇ ಬಗ್ಗುತ್ತಾ ಏಳುತ್ತಾ ಹೋದರು. ಮಾತು ಮಾತ್ರ ಸೊಪ್ಪಿನ ರೇಟಿನದು. ಆಮೇಲೆ ಅವರು ಮುಂದಾದರು.

ಮೇಲೆ ಮುಟ್ಟಿದಾಗ ಒಂಬತ್ತು ಇಪ್ಪತ್ತು. ಮೂರು ಗಂಟೆ ಇಪ್ಪತ್ತು ನಿಮಿಷ. ದರ್ಶನದ ಸಾಲು ಬೇರೆ.

ಹೊರಡುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೋಗಿ, ಬಿಸಿಲು ಏರಿದರೆ ಬರಿಗಾಲಿಗೆ ಕಲ್ಲು ಕಾಯುತ್ತದೆ. ಕೈಯಲ್ಲಿ ಕವರ್ ಹಿಡಿಯಬೇಡಿ. ಅದರಲ್ಲಿ ಏನಿದ್ದರೂ ಬಾಳೆಹಣ್ಣೇ ಅಂತ ಕೋತಿಗಳು ತೀರ್ಮಾನಿಸಿರುತ್ತವೆ. ನಡುವೆ ಒಮ್ಮೆ ತಿರುಗಿ ನಿಂತು ನೋಡಿ. ರೇಸ್ ಕೋರ್ಸಿನ ಸುತ್ತು, ಕಾರಂಜಿ ಕೆರೆ, ಬೆಳ್ಳಗೆ ಲಲಿತಮಹಲ್, ಎಲ್ಲ ಕಾಣುತ್ತದೆ. ಮೇಲೆ ಹೋದವರು ಏಳು ಅಂತಸ್ತಿನ ಗೋಪುರ, ಮಹಿಷಾಸುರನ ಮೂರ್ತಿ ನೋಡಿ ವಾಪಸ್ ಬರುತ್ತಾರೆ. ಅಮ್ಮನವರ ಗುಡಿಗಿಂತ ಹಳೆಯದಾದ ಮಹಾಬಲೇಶ್ವರನ ಗುಡಿ ಪಕ್ಕದಲ್ಲೇ ಇದೆ, ಅಲ್ಲಿ ಜನ ಕಡಿಮೆ. ಮೊಣಕಾಲು ನೋವಿದ್ದರೆ ಇಳಿಯುವಾಗ ಮೆಟ್ಟಿಲು ಬೇಡ. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. 201ನೇ ನಂಬರಿನ ಬಸ್ಸು ಹತ್ತಿ ಸಿಟಿ ಬಸ್ ಸ್ಟ್ಯಾಂಡಿಗೆ ಬನ್ನಿ, ಅದರಲ್ಲಿ ನಾಚಿಕೆ ಏನಿಲ್ಲ.

ನಾವೂ ಬಸ್ಸಿನಲ್ಲೇ ಬಂದೆವು. ಆದರೆ ಅದಕ್ಕೆ ಮುಂಚೆ ಅಮ್ಮ ಗುಡಿಯ ಮುಂದಿನ ಅಂಗಡಿಯಲ್ಲಿ ಒಂದು ಪೊಟ್ಟಣ ಕುಂಕುಮ ಕೊಂಡು, ಆ ಹೆಂಗಸಿಗೆ ವಾಪಸ್ ಕೊಡಬೇಕು ಅಂತ ಅರ್ಧ ಗಂಟೆ ಹುಡುಕಿದಳು. ಸಿಗಲಿಲ್ಲ. ಹೆಸರು ಕೇಳಿರಲಿಲ್ಲ, ಊರೂ ಕೇಳಿರಲಿಲ್ಲ.

ಈಗಲೂ ನಾನು ಒಬ್ಬನೇ ಬೆಟ್ಟಕ್ಕೆ ಹೊರಟರೆ ಆ ಪೊಟ್ಟಣವನ್ನು ಬ್ಯಾಗಿಗೆ ಹಾಕುತ್ತಾಳೆ. "ಸಿಕ್ಕಿದ್ರೆ ಕೊಡು." ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ ಅಂತ ಅವಳಿಗೆ ಹೇಳಿಲ್ಲ. ಮೊನ್ನೆ ಹೋದಾಗಲೂ ಹಾಕಿದ್ದಳು. ಬಗ್ಗಿ ಕುಂಕುಮ ಹಚ್ಚುತ್ತಿದ್ದವರನ್ನೆಲ್ಲ ನೋಡಿಕೊಂಡೇ ಹತ್ತಿದೆ. ಒಂದು ಗಂಟೆ ಹತ್ತು ನಿಮಿಷ ಆಯಿತು.