ಬಳ್ಳಾರಿ ಜಾಲಿ ಆರಿಸಿಕೊಟ್ಟ ಸೈಕಲ್

ಕುರುಗೋಡಿನ ಮೇಷ್ಟ್ರು ಎಣಿಸಿಕೊಂಡು ಬಂದದ್ದು 55 ಸಾವಿರ. "ಇದರ ಮ್ಯಾಲೆ ಒಂದ್ ರೂಪಾಯಿನೂ ಇಲ್ರಿ, ಮನ್ಯಾಗ ಮಾತು ಕೊಟ್ಟು ಬಂದೀನಿ" ಅಂದರು. ಬೇಕಿದ್ದದ್ದು ಬಾಗಿದ ಹ್ಯಾಂಡಲ್ಲಿನ ಓಟದ ಸೈಕಲ್, ಆರಿಸಿಕೊಡುವ ಕೆಲಸ ನಮ್ಮದು. ಅಂಗಡಿಯವರು ಅದನ್ನು ರೋಡ್ ಬೈಕ್ ಅನ್ನುತ್ತಾರೆ. ಬಳ್ಳಾರಿಯಲ್ಲಿ ಬೈಕ್ ಅಂದರೆ ಪೆಟ್ರೋಲ್ ಕುಡಿಯುವಂಥದ್ದು, ಹಾಗಾಗಿ ಇಲ್ಲಿ ಸೈಕಲ್ ಅಂತಲೇ ಬರೆಯುತ್ತೇವೆ. ಭಾನುವಾರ ಅಂಗಡಿಯ ಷಟರ್ ಏಳುವ ಮೊದಲೇ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಅರ್ಧ ಕೆಲಸ ಮುಗಿದಿತ್ತು. ಆ ಅರ್ಧ ಕೆಲಸ ಬರೀ ಕಳೆಯುವ ಲೆಕ್ಕ.

ಹೆಲ್ಮೆಟ್ 2,000. ನೆಲಕ್ಕೆ ಊರಿ ಹೊಡೆಯುವ, ಮೀಟರ್ ಇರುವ ಪಂಪು 1,500. ಎರಡು ಹೆಚ್ಚುವರಿ ಟ್ಯೂಬ್ 700. ಟಯರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಪ್ಯಾಚ್, ಸೊಲ್ಯೂಷನ್ 300. ಅಲೆನ್ ಕೀ ಗೊಂಚಲು 700. ಹಿಂದೆ ಮುಂದೆ ಲೈಟ್ 1,200. ಬಾಟಲಿ ಮತ್ತು ಅದರ ಪಂಜರ 400. ಚೈನ್ ಎಣ್ಣೆ 300. ಒಟ್ಟು 7,100. ಮನೆಗೆ ಸಾಗಿಸಲು, ಎರಡು ವಾರದ ನಂತರ ಒಮ್ಮೆ ಸರಿಪಡಿಸಲು 1,900. ಉಳಿದದ್ದು 46 ಸಾವಿರ. ಸೈಕಲ್‌ಗೆ ಇರುವ ದುಡ್ಡು ಇಷ್ಟೇ. 55 ಸಾವಿರವನ್ನೂ ಸೈಕಲ್‌ಗೇ ಸುರಿದವರು ಮೊದಲ ಪಂಕ್ಚರಿನ ದಿನ ಲಗೇಜ್ ಆಟೋ ಹುಡುಕುತ್ತಾರೆ. ಈ ಟ್ಯೂಬುಗಳ ವಾಲ್ವ್ ತೆಳ್ಳಗೆ, ಮೂಗುಬೊಟ್ಟಿನ ಹಾಗಿರುತ್ತದೆ, ಪ್ರೆಸ್ಟಾ ಅನ್ನುತ್ತಾರೆ. ಪೆಟ್ರೋಲ್ ಬಂಕಿನ ಗಾಳಿ ಪೈಪು ಅದಕ್ಕೆ ಕೂರದು. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಲೇಬೇಕು.

ಅಳತೆಯೂ ಚಹಾದಂಗಡಿಯಲ್ಲೇ ಆಯಿತು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಪಾದಗಳ ನಡುವೆ ಒಂದು ಗೇಣು ಬಿಟ್ಟು, ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಸೀಟಿನ ಹಾಗೆ ಗಟ್ಟಿಯಾಗಿ ಒತ್ತಬೇಕು. ಮೇಷ್ಟ್ರ ಚೀಲದಲ್ಲಿದ್ದ ಹಾಜರಿ ಪುಸ್ತಕವೇ ಸಾಕಾಯಿತು. ಪುಸ್ತಕದ ಮೇಲಂಚಿನಿಂದ ನೆಲಕ್ಕೆ 78 ಸೆಂ.ಮೀ. ಅದಕ್ಕೆ 0.67ರಿಂದ ಗುಣಿಸಿದರೆ 52. ಫ್ರೇಮಿನ ಅಳತೆ ಅದರ ಆಸುಪಾಸು ಇರಬೇಕು. 0.883ರಿಂದ ಗುಣಿಸಿದರೆ 68.9, ಎರಡು ಪೆಡಲ್ ತೋಳುಗಳು ಕೂಡುವ ಅಚ್ಚಿನ ನಡುಮಧ್ಯದಿಂದ ಸೀಟಿನ ನೆತ್ತಿಯವರೆಗಿನ ಎತ್ತರ ಅದು. ಆದರೆ ಈಗಿನ ಫ್ರೇಮುಗಳ ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರು. ಒಬ್ಬರ 52 ಇನ್ನೊಬ್ಬರ 54ಕ್ಕೆ ಸಮ ಇದ್ದೀತು. ಅಂಟಿಸಿದ ಸಂಖ್ಯೆ ಬಿಟ್ಟು, ಹ್ಯಾಂಡಲ್ ಬುಡದಿಂದ ಸೀಟಿನ ಕಂಬಕ್ಕೆ ಅಡ್ಡಡ್ಡ ಟೇಪು ಹಿಡಿದು ನೋಡುವುದು ವಾಸಿ. ಸೀಟಿನ ಎತ್ತರ ಹೆಚ್ಚು ಕಡಿಮೆ ಮಾಡಬಹುದು, ಫ್ರೇಮಿನ ಉದ್ದ ಮಾಡಲಾಗದು. ಉದ್ದ ಜಾಸ್ತಿಯಾದರೆ ಇಪ್ಪತ್ತನೇ ಕಿಲೋಮೀಟರಿಗೆ ಕತ್ತು ಹಿಡಿಯುತ್ತದೆ.

ಅಂಗಡಿಯಲ್ಲಿ ಆ ಅಳತೆಗೆ ಮೂರು ಇದ್ದವು.

ಮೊದಲನೆಯದು 38 ಸಾವಿರದ್ದು, ನೋಡಲು ಮೂರರಲ್ಲೂ ಹೆಚ್ಚು ಚೆಂದ: ಹೊಳೆಯುವ ಕೆಂಪು, ದಪ್ಪ ಅಕ್ಷರ, ಎತ್ತರದ ರಿಮ್. ಶಿಮಾನೊ ಕಂಪನಿಯ ಟೂರ್ನಿ ಗೇರು, ಹಿಂದೆ 7 ಹಲ್ಲುಚಕ್ರ. ಮೇಷ್ಟ್ರ ಕಣ್ಣು ಅಲ್ಲೇ ನೆಟ್ಟಿತು. ನಾವು ಹಿಂದಿನ ಚಕ್ರ ಬಿಚ್ಚಿಸಿದೆವು. ಹಲ್ಲುಗಳ ಗೊಂಚಲು ಚಕ್ರದ ನಡುವಿನ ಹಬ್ಬಿನ ಮೇಲೆ, ಬೋಲ್ಟಿಗೆ ನಟ್ಟಿನ ಹಾಗೆ, ಮರೆ ತಿರುಗಿಸಿ ಕೂರಿಸಿದ ಫ್ರೀವೀಲ್. ಹೀಗಿದ್ದಾಗ ಬಲಗಡೆಯ ಬೇರಿಂಗ್ ಫ್ರೀವೀಲಿನ ಒಳಗಡೆಗೆ, ಚಕ್ರದ ನಡುವಿಗೆ ಸರಿದಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಅಚ್ಚಿಗೆ ಆಧಾರವೇ ಇಲ್ಲ. 74 ಕಿಲೋದ ಮೇಷ್ಟ್ರು ಗುಂಡಿಗೆ ಇಳಿಸಿದಾಗಲೆಲ್ಲ ಭಾರ ಬೀಳುವುದು ಆ ಖಾಲಿ ಉದ್ದದ ಮೇಲೆ. ಒಂದು ದಿನ ಅಚ್ಚು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಇನ್ನೊಂದು ಬಗೆಯಲ್ಲಿ ಹಲ್ಲಿನ ಗೊಂಚಲನ್ನು ತೂರಿಸಿ ಕೂರಿಸುತ್ತಾರೆ, ಆ ಗೊಂಚಲಿಗೆ ಕ್ಯಾಸೆಟ್, ಅದು ಕೂರುವ ಹಬ್ಬಿಗೆ ಫ್ರೀಹಬ್ ಅನ್ನುತ್ತಾರೆ. ಫ್ರೀಹಬ್ಬಿನಲ್ಲಿ ಬೇರಿಂಗ್ ತುದಿಯಲ್ಲೇ ಇರುವುದರಿಂದ ಆ ಕಾಟ ಕಡಿಮೆ. ಇನ್ನೊಂದು ಲಾಭವೂ ಇದೆ: ಶಿಮಾನೊದ 8, 9, 10 ಗೇರಿನ ಕ್ಯಾಸೆಟ್‌ಗಳು ಒಂದೇ ಫ್ರೀಹಬ್ಬಿಗೆ ಕೂರುತ್ತವೆ, ನಾಳೆ ಗೇರು ಬದಲಿಸಿದರೂ ಚಕ್ರ ಉಳಿಯುತ್ತದೆ. ಗುರುತು ಹಿಡಿಯುವುದು ಸುಲಭ. ಪೆಡಲ್ ಹಿಂದಕ್ಕೆ ತಿರುಗಿಸಿದಾಗ ಹಲ್ಲಿನ ಗೊಂಚಲಿನ ಹೊರಮುಖದ ನಡುಭಾಗ ನೋಡಿ. ಅಲ್ಲಿ ಕಚ್ಚುಗಳಿರುವ ಬಿಲ್ಲೆ ಹಲ್ಲುಗಳ ಜೊತೆಗೇ ತಿರುಗಿದರೆ ಕ್ಯಾಸೆಟ್. ಹಲ್ಲು ತಿರುಗಿ ನಡುವಿನದು ನಿಂತೇ ಇದ್ದರೆ ಫ್ರೀವೀಲ್. ಕೆಂಪು ಸೈಕಲ್ ಪಕ್ಕಕ್ಕೆ ಹೋಯಿತು, ಮೇಷ್ಟ್ರ ಮುಖ ಸ್ವಲ್ಪ ಸಣ್ಣದಾಯಿತು.

ಉಳಿದ ಎರಡರಲ್ಲೂ ಶಿಮಾನೊದ ಕ್ಲಾರಿಸ್ ಗೇರು, ಅಂದರೆ ಹಿಂದೆ 8. ಅದರ ಮೇಲೆ ಸೋರಾ 9, ಟಿಯಾಗ್ರಾ 10, ಹಾಗೇ ಏರುತ್ತದೆ. ಈ ದುಡ್ಡಿಗೆ 8ರಲ್ಲಿ ನಿಲ್ಲುವುದೇ ಸರಿ ಅನ್ನುವುದು ನಮ್ಮ ಲೆಕ್ಕ. ಚೈನು, ಕ್ಯಾಸೆಟ್ ಎರಡೂ ಅಗ್ಗ, ಸ್ವಲ್ಪ ಧೂಳು ಕೂತರೂ ಮುನಿಸಿಕೊಳ್ಳದೆ ಗೇರು ಬೀಳುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಹ್ಯಾಂಡಲ್ ಮೇಲೆ ಕ್ಲಾರಿಸ್ ಅಂತ ಇದ್ದರೆ ಎಲ್ಲವೂ ಕ್ಲಾರಿಸ್ ಅಂತಲ್ಲ. ಕಣ್ಣಿಗೆ ಕಾಣುವ ಲಿವರ್ ಒಳ್ಳೆಯದು ಹಾಕಿ, ಕ್ರ್ಯಾಂಕು ಅನ್ನುವ ಪೆಡಲ್ ತೋಳು, ಬ್ರೇಕು, ಚೈನಿನಲ್ಲಿ ಉಳಿಸುವುದು ತಯಾರಕರ ಹಳೆಯ ಚಾಳಿ.

ಎರಡನೆಯದು 45,500: ಅಲ್ಯೂಮಿನಿಯಂ ಫ್ರೇಮು, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕಾರ್ಬನ್ನಿನದು, ರಿಮ್ ಬ್ರೇಕು, 25 ಮಿ.ಮೀ. ದಪ್ಪದ ಟಯರು, 10.3 ಕಿಲೋ. ಮೂರನೆಯದರ ಚೀಟಿಯಲ್ಲಿ 49,500: ಅಲ್ಯೂಮಿನಿಯಂ ಫ್ರೇಮು, ಫೋರ್ಕೂ ಅಲ್ಯೂಮಿನಿಯಂ, ತಂತಿ ಎಳೆಯುವ ಡಿಸ್ಕ್ ಬ್ರೇಕು, 28ರ ಟಯರು, 11.4 ಕಿಲೋ. ಕಾಗದದ ಮೇಲೆ ಎರಡನೆಯದೇ ಗೆಲ್ಲಬೇಕು. ಗೆಲ್ಲಲಿಲ್ಲ, ಕಾರಣ ಒಂದು 4 ಮಿ.ಮೀ. ಅಲೆನ್ ಕೀ.

ಆ ಕೀಯನ್ನು ಟಯರಿಗೂ ಫೋರ್ಕಿಗೂ ನಡುವೆ ತೂರಿಸಿ ನೋಡಿದೆವು. ಎರಡೂ ಬದಿ, ಮತ್ತು ಮೇಲೆ ನೆತ್ತಿಯಲ್ಲಿ. ಎರಡನೇ ಸೈಕಲ್ಲಿನ ಬ್ರೇಕಿನ ಕೆಳಗೆ ಕೀ ಬಿಗಿಯಾಗಿ ನುಸುಳಿತು. ಅಂದರೆ 25ರ ಟಯರಿಗೇ ಜಾಗ ಮುಗಿಯಿತು, 28 ಹಾಕಿದರೆ ಬ್ರೇಕಿನ ಹೊಟ್ಟೆಗೆ ಉಜ್ಜುವಷ್ಟು ಹತ್ತಿರ ಬರುತ್ತದೆ. ಮೂರನೆಯದರಲ್ಲಿ 28ರ ಟಯರ್ ಇದ್ದೂ ಎರಡೂ ಬದಿಗೆ ಬೆರಳು ಹೋಗುವಷ್ಟು ಸಂದು. 32 ಧಾರಾಳ ಕೂರುತ್ತದೆ.

ಟಯರಿನ ದಪ್ಪಕ್ಕೆ ಇಷ್ಟು ಮಹತ್ವ ಯಾಕೆ ಅಂದರೆ ಊರು ಬಳ್ಳಾರಿ. ಇಲ್ಲಿನ ರಸ್ತೆಯ ಬದಿ, ಕಾಲುವೆಯ ಏರಿ, ಬೀಳು ಹೊಲ ಎಲ್ಲ ಕಡೆ ಬೆಳೆದಿರುವ ಗಿಡಕ್ಕೆ ನಾಡಿನ ತುಂಬಾ ಇರುವ ಹೆಸರೇ ಬಳ್ಳಾರಿ ಜಾಲಿ. ಅದರ ಒಣ ಮುಳ್ಳು ಹೆಬ್ಬೆರಳುದ್ದ, ಸೂಜಿಯಷ್ಟು ಗಟ್ಟಿ. ಅದಿರಿನ ಲಾರಿಗಳ ಹಳೆ ಟಯರ್ ಸಿಡಿದು ಬಿದ್ದ ಕೂದಲೆಳೆ ತಂತಿ ಬೇರೆ. ಟ್ಯೂಬಿನೊಳಗೆ ಸೀಲೆಂಟ್ ಅನ್ನುವ ಅಂಟು ದ್ರವ ಹಾಕಿದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಆದರೆ ಗಾಳಿಯ ಒತ್ತಡ ಜಾಸ್ತಿಯಿದ್ದರೆ ಮುಚ್ಚುವ ಮೊದಲೇ ಉಗುಳಿಬಿಡುತ್ತದೆ. 25ರ ಟಯರಿಗೆ ಮೇಷ್ಟ್ರ ತೂಕಕ್ಕೆ 90 ಪಿಎಸ್‌ಐ ಹತ್ತಿರ ಬೇಕು. 32ಕ್ಕೆ ಮುಂದೆ 55, ಹಿಂದೆ 60ರಿಂದ 65 ಸಾಕು. ಸೀಲೆಂಟ್ ಕೆಲಸ ಮಾಡುವುದು ಈ ಒತ್ತಡದಲ್ಲಿ. ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು; ವಾಲ್ವಿನ ಮೂಗು ಬಿಚ್ಚಲು ಬರುವ ಟ್ಯೂಬನ್ನೇ ಕೇಳಿ ತೆಗೆದುಕೊಳ್ಳಿ. ಎರೆ ಮಣ್ಣಿನ ಕಥೆಯೂ ಇದೆ. ಒಂದು ಮಳೆ ಬಿದ್ದ ಮೇಲೆ ಕಾಲುವೆ ದಾರಿಯಲ್ಲಿ ಇಪ್ಪತ್ತು ಮೀಟರ್ ಹೋದರೆ ಟಯರಿಗೂ ಫೋರ್ಕಿಗೂ ನಡುವೆ ಅದು ಮುದ್ದೆಯಾಗಿ ಕೂತು ಚಕ್ರವನ್ನೇ ನಿಲ್ಲಿಸುತ್ತದೆ. ಸಂದು ಕಡಿಮೆಯಿದ್ದರೆ ಸೈಕಲ್ ಹೆಗಲ ಮೇಲೆ.

1.1 ಕಿಲೋ ಹೆಚ್ಚು ತೂಕದ ಮಾತು ಬಂತು. ಮೇಷ್ಟ್ರು, ಸೈಕಲ್, ನೀರು ಸೇರಿ 87 ಕಿಲೋ ಅಂದುಕೊಂಡರೆ ಅದು ಶೇಕಡಾ 1.3ಕ್ಕಿಂತ ಕಡಿಮೆ. ಹೊಸಪೇಟೆ ರಸ್ತೆಯ ಸಪಾಟಿನಲ್ಲಿ ಅದು ಗೊತ್ತೇ ಆಗದು. ಮಳೆಗಾಲದಲ್ಲಿ ಪಡುವಣದಿಂದ ಎದುರು ಬೀಸುವ ಗಾಳಿ ಗೊತ್ತಾಗುತ್ತದೆ. ಏರು ಸಿಗುವುದು ಸಂಡೂರಿನ ಕಡೆ, ಕುಮಾರಸ್ವಾಮಿ ಗುಡಿಯ ದಾರಿಯಲ್ಲಿ. ಅಲ್ಲಿ ನೆರವಿಗೆ ಬರುವುದು ಹಿಂದಿನ ದೊಡ್ಡ ಹಲ್ಲು. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28 ಇದ್ದರೆ ಪೆಡಲಿನ ಒಂದು ಸುತ್ತಿಗೆ 2.6 ಮೀಟರ್ ತಳ್ಳಬೇಕು. ಹಿಂದೆ 32 ಇದ್ದರೆ 2.3 ಮೀಟರ್. ಮೂರನೆಯದರಲ್ಲಿ 11ರಿಂದ 32ರ ಕ್ಯಾಸೆಟ್ಟೇ ಇತ್ತು.

ಅದರ ಡಿಸ್ಕ್ ಬ್ರೇಕು ಮಾತ್ರ ನಮಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಂದೇ ಬದಿಯ ಪ್ಯಾಡ್ ಸರಿಯುವ ಜಾತಿ. ಸರಿಯುವ ಪ್ಯಾಡ್ ಡಿಸ್ಕಿನ ಬಿಲ್ಲೆಯನ್ನು ಬಾಗಿಸಿ ಆಚೆಯ ಪ್ಯಾಡಿಗೆ ಒತ್ತುತ್ತದೆ. ಆಚೆಯದು ಸವೆದಂತೆಲ್ಲ 5 ಮಿ.ಮೀ. ಕೀಯಿಂದ ಸ್ವಲ್ಪ ಸ್ವಲ್ಪ ಒಳಗೆ ತಿರುಗಿಸುತ್ತಿರಬೇಕು. ಮರೆತರೆ ಲಿವರ್ ಹ್ಯಾಂಡಲ್ಲಿಗೇ ತಾಗುತ್ತದೆ. ಆದರೂ ರಿಮ್ ಬ್ರೇಕಿನ ರಬ್ಬರಿಗೆ ಅದಿರಿನ ಕೆಂಪು ಧೂಳು ಕಚ್ಚಿಕೊಂಡು ರಿಮ್ಮನ್ನೇ ಗೀರುವುದಕ್ಕಿಂತ ಇದು ಮೇಲು. ರಿಮ್ ಸವೆದರೆ ಚಕ್ರ ಕಟ್ಟಿಸಬೇಕು, ಪ್ಯಾಡ್ ಸವೆದರೆ ಪ್ಯಾಡ್ ಅಷ್ಟೇ.

ಬೆಲೆ 3,500 ಮೇಲಿತ್ತು. ಚೀಟಿ ಹಳೆಯದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. 49,500ನ್ನು 1.12ರಿಂದ ಭಾಗಿಸಿ 1.05ರಿಂದ ಗುಣಿಸಿದರೆ 46,406. ಮೇಷ್ಟ್ರು ಇದನ್ನು ಕೈಮೇಲೆ ಪೆನ್ನಿನಲ್ಲಿ ಮಾಡಿ ತೋರಿಸಿದರು. ಅಂಗಡಿಯಣ್ಣ ನಕ್ಕು 46 ಸಾವಿರಕ್ಕೆ ಮುಗಿಸಿದ. ಜೊತೆಗೆ ಒಂದು ಹ್ಯಾಂಗರ್ ಕೇಳಿ ಪಡೆದೆವು. ಹಿಂದಿನ ಗೇರು ನೇತಾಡುವ ಆ ತುಂಡನ್ನು ಮೆತ್ತಗೆ ಮಾಡಿರುತ್ತಾರೆ, ಸೈಕಲ್ ಬಿದ್ದರೆ ಫ್ರೇಮಿನ ಬದಲು ಅದು ಬಾಗಲಿ ಅಂತ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ವರ್ಷ ಕಳೆದು ಹುಡುಕಿದರೆ ಸಿಗುವುದಿಲ್ಲ. 28ರ ಟಯರ್ ಸವೆಯುವವರೆಗೆ ಓಡಲಿ, ಆಮೇಲೆ 32 ಅಂತ ಮಾತಾಯಿತು.

ದುಡ್ಡು ಎಣಿಸಿದ ಮೇಲೂ ಒಂದು ಕಡೆ ಹೋಗುವುದಿತ್ತು, ಕೌಲ್ ಬಜಾರಿನ ರಿಪೇರಿ ಚಾಚಾ ಹತ್ತಿರ. ಗೇರಿನ ಸೈಕಲ್ ಅಂದರೆ ಅವರಿಗೆ ಅಷ್ಟಕ್ಕಷ್ಟೆ, ಆದರೆ ಹಬ್ ಅಂದರೆ ಬೆರಳಲ್ಲೇ ಕಣ್ಣು. ಮುಂದಿನ ಚಕ್ರ ಬಿಚ್ಚಿ ಅಚ್ಚಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದರು. "ಇದ್ರಾಗ ಉಸುಕು ಐತೇನೋ ಅನ್ನಂಗ ಐತ್ ನೋಡ್ರಿ ಮೇಷ್ಟ್ರೇ." ಉಸುಕಿರಲಿಲ್ಲ, ಗ್ರೀಸೂ ಇರಲಿಲ್ಲ. ಬೇರಿಂಗ್ ಗುಂಡುಗಳನ್ನು ಹಿಡಿದಿಡುವ ಕೋನ್ ಕಾರ್ಖಾನೆಯಿಂದ ಬರುವಾಗಲೇ ಬಿಗಿ. ಹಾಗೇ ಓಡಿಸಿದರೆ ಗುಂಡುಗಳು ಕೋನಿನ ಮೇಲೆ ಗುಳಿ ಬೀಳಿಸುತ್ತವೆ. ತೆಳು ಸ್ಪ್ಯಾನರ್ ಹಾಕಿ ಕಾಲು ಸುತ್ತಿನಷ್ಟು ಸಡಿಲಿಸಿ, ಗ್ರೀಸ್ ತುಂಬಿ, ಮತ್ತೆ ಬೆರಳಲ್ಲಿ ತಿರುಗಿಸಿದರು. ಈ ಸಲ ಬೆಣ್ಣೆ. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಂಡಿ ನೋಡಿ, ಹಿಂದಿನ ಚಕ್ರದಲ್ಲಿ ಒಂದು ಮಿಲಿಮೀಟರಿನಷ್ಟು ಓಲಾಟ, ಅವರ ಮಾತಲ್ಲಿ ಔಟ್, ತೆಗೆದರು. ಎಡ ಪೆಡಲಿನ ಮರೆ ಉಲ್ಟಾ ತಿರುಗುತ್ತದೆ ಎಂದು ಮೇಷ್ಟ್ರಿಗೆ ಎರಡು ಸಲ ಹೇಳಿದರು. 120 ರೂಪಾಯಿ.

ಮೊದಲ 150 ಕಿಲೋಮೀಟರಿಗೆ ಕೇಬಲ್ಲಿನ ಕವಚ ಅದುಮಿಕೊಂಡು ಗೇರು ತಡವರಿಸಿತು, ನಿರೀಕ್ಷಿಸಿದ್ದೇ. ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಹಿಂದಿನ ಡಿರೇಲರ್ ಬಳಿಯ ಬ್ಯಾರಲ್ ಸ್ಕ್ರೂ ಎಡಕ್ಕೆ ಅರ್ಧ ಸುತ್ತು, ಮುಗಿಯಿತು. ಚೈನಿಗೆ ಮಂದ ಎಣ್ಣೆ ಬೇಡವೆಂದು ಹೇಳಿದ್ದೆವು. ಕೆಂಪು ಧೂಳು ಅದಕ್ಕೆ ಅಂಟಿದರೆ ಅರೆಯುವ ಕಲ್ಲಾಗುತ್ತದೆ. ಒಣಗುವ ಎಣ್ಣೆ ಹಾಕಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಬೇಕು. ಮೂರನೇ ವಾರ ಮೇಷ್ಟ್ರ ಫೋನು: ಮುಂದಿನ ಟಯರು ಪಂಕ್ಚರ್, ಹೊಸ ಟ್ಯೂಬ್ ಹಾಕಿ ನೂರು ಮೀಟರಿಗೆ ಮತ್ತೆ ಪಂಕ್ಚರ್. ಟಯರಿನ ಒಳಗೆ ಹತ್ತಿ ಉಂಡೆಯೊಂದನ್ನು ಸುತ್ತಲೂ ಎಳೆಯಲು ಹೇಳಿದೆವು. ಹತ್ತಿ ಸಿಕ್ಕಿಕೊಂಡ ಜಾಗದಲ್ಲಿ ಮುರಿದ ಜಾಲಿ ಮುಳ್ಳಿನ ತುದಿ, ಸಾಸಿವೆಯಷ್ಟು.